ಉಪ್ಪು ಹಾಕುವ ಕೈ

"ಗುರುಗಳೇ, ನನ್ನ ಮೂರು ಬಟ್ಟೆ ಅಂಗಡಿಗಳಲ್ಲಿ ನಾನೇ ನಿಂತು ನೋಡದೆ ಒಂದು ಕೆಲಸವೂ ನಡೆಯುವುದಿಲ್ಲ. ಮನೆಯವರು ನನ್ನ ಮುಖ ಕಾಣುವುದೇ ಅಪರೂಪವಾಗಿದೆ. ನೌಕರರಿಗೆ ಒಪ್ಪಿಸೋಣವೆಂದರೆ ಕೆಡಿಸಿಬಿಟ್ಟಾರೆಂಬ ಭಯ. ಏನು ಮಾಡಲಿ?" ಎಂದು ವ್ಯಾಪಾರಿಯಾದ ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ಅಡುಗೆಯವನಿದ್ದ. ಮದುವೆ ಮುಂಜಿಗಳ ಅಡುಗೆಯನ್ನು ಗುತ್ತಿಗೆ ಹಿಡಿಯುವುದು ಅವನ ಕಸುಬು. ಕೈಕೆಳಗೆ ಇಪ್ಪತ್ತು ಮಂದಿ. ಅವರು ತರಕಾರಿ ಹೆಚ್ಚುತ್ತಿದ್ದರು, ಕಾಯಿ ತುರಿಯುತ್ತಿದ್ದರು, ಅನ್ನ ಬಸಿಯುತ್ತಿದ್ದರು. ಉಪ್ಪನ್ನು ಮಾತ್ರ ಅವನೇ ಹಾಕಬೇಕು. ನೈವೇದ್ಯವಾಗುವ ತನಕ ಅಡುಗೆಯನ್ನು ಯಾರೂ ನಾಲಗೆಗೆ ಮುಟ್ಟಿಸುವಂತಿಲ್ಲ. ಹದವನ್ನು ಕಣ್ಣು ಮೂಗುಗಳಿಂದಲೇ ಅರಿಯಬೇಕು. ತಪ್ಪಿದರೆ ಗೊತ್ತಾಗುವುದು ಪಂಕ್ತಿಯಲ್ಲಿ, ಎಲ್ಲರ ಎದುರಿಗೆ. ಮೂವತ್ತು ವರ್ಷಗಳಲ್ಲಿ ಅವನ ಅಡುಗೆಯ ಬಗ್ಗೆ ಒಬ್ಬರೂ ಕೊಂಕು ಆಡಿರಲಿಲ್ಲ. ಆ ಹೆಸರಿಗಾಗಿ ಅವನು ಹಬ್ಬವೆನ್ನಲಿಲ್ಲ, ಜ್ವರವೆನ್ನಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಕಿಯಲ್ಲಿ ಅಕ್ಷರ ಬರೆಸಿದವನು ಸೋದರಮಾವ. ಅಂದು ತಂದೆಗೆ ಬೇರೆಯವರ ಮನೆಯ ಮುಂಜಿಯ ಅಡುಗೆಯಿತ್ತು.

ಮಗಳಿಗೆ ಮದುವೆ ಗೊತ್ತಾಯಿತು. ಆ ಒಂದು ದಿನವಾದರೂ ಅಡುಗೆಯನ್ನು ಇನ್ನೊಬ್ಬರಿಗೆ ಬಿಡಿ ಎಂದು ಹೆಂಡತಿ ಬೇಡಿಕೊಂಡಳು. ಬೀಗರ ಎಲೆಗೆ ಇನ್ನೊಬ್ಬನ ಹುಳಿ ಬಡಿಸುವುದೇ? ಅವನ ಮನಸ್ಸು ಒಪ್ಪಲಿಲ್ಲ. ಧಾರೆಯ ಹೊತ್ತಿಗೆ ತಪ್ಪದೆ ಮಂಟಪದಲ್ಲಿರುತ್ತೇನೆಂದು ಮಾತು ಕೊಟ್ಟ. ಮಗಳ ಕೈಗೆ ತಾನೇ ನೀರೆರೆದು ಧಾರೆ ಕೊಡಬೇಕೆಂಬ ಆಸೆ ಅವನಿಗೂ ಇತ್ತು.

ಮದುವೆಯ ದಿನ ಸೌದೆ ಹಸಿಯಾಗಿತ್ತು. ಬೇಳೆ ಬೇಯುವುದು ತಡವಾಯಿತು. ಅತ್ತ ಪುರೋಹಿತರಿಂದ ಕರೆ ಬಂತು. ಮುಹೂರ್ತಕ್ಕೆ ಅರ್ಧ ಗಳಿಗೆ ಉಳಿದಿತ್ತು. ಇತ್ತ ಎಂಟುನೂರು ಎಲೆಯ ಹುಳಿ ಇನ್ನೇನು ಕುದಿಗೆ ಬರಬೇಕು. ಅವನು ಮೈ ಒರೆಸಿಕೊಂಡು ಮಡಿ ಪಂಚೆಯನ್ನು ಕೈಗೆತ್ತಿಕೊಂಡ. ಬಾಗಿಲ ತನಕ ಹೋದವನು ಹಿಂತಿರುಗಿ ಹಂಡೆಯನ್ನು ನೋಡಿದ.

ಹದಿನೆಂಟು ವರ್ಷ ಜೊತೆಗಿದ್ದ ಹಿರಿಯ ಸಹಾಯಕ ಮುಂದೆ ಬಂದ. "ನೀವು ಹೊರಡಿ ಅಣ್ಣ. ಉಪ್ಪು ನಾನು ಹಾಕುತ್ತೇನೆ."

"ನೀನೇ? ಇಷ್ಟು ವರ್ಷದಲ್ಲಿ ಒಂದು ಹಿಡಿ ಉಪ್ಪು ಹಾಕಿದ್ದೀಯೇನಯ್ಯಾ?"

"ಹಾಕಲು ಬಿಟ್ಟವರು ಯಾರು?"

ಅಡುಗೆಯವನಿಗೆ ಆ ಮಾತು ಚುಚ್ಚಿತು. ಚುಚ್ಚಿದ್ದಕ್ಕೇ ರೇಗಿತು. "ಕಲಿಯುವುದಕ್ಕೆ ನನ್ನ ಮಗಳ ಮದುವೆಯೇ ಬೇಕಾಯಿತೇ ನಿನಗೆ?" ಎಂದು ಗದರಿಸಿ, ಪಂಚೆಯನ್ನು ಗೂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ನಿಂತ.

ಕುದಿ ಬಂತು. ಉಪ್ಪು ಹಾಕಿದ. ತಿರುವಿದ. ಬಣ್ಣ ನೋಡಿ ಇನ್ನರ್ಧ ಹಿಡಿ ಹಾಕಿದ. ಗಟ್ಟಿಮೇಳ ಕೇಳಿಸಿದಾಗ ಅವನ ಕೈಯಲ್ಲಿ ಸೌಟಿತ್ತು. ಅದನ್ನು ಬಿಸಾಡಿ ಮಂಟಪಕ್ಕೆ ಓಡಿದ. ಸೋದರಮಾವ ಧಾರೆ ಎರೆದು ಮುಗಿಸಿದ್ದ. ಮಗಳ ಬೆರಳುಗಳಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಊಟವನ್ನು ಬೀಗರು ಬಾಯಿತುಂಬ ಹೊಗಳಿದರು. ಸಂಜೆ ಮಗಳು ಹೊರಟು ನಿಂತು ಕಾಲಿಗೆರಗಿದಳು. ಅವನು ಹೇಳಬೇಕೆಂದುಕೊಂಡದ್ದು ಬೇರೆ. ಬಾಯಿಗೆ ಬಂದದ್ದು ಒಂದೇ ಮಾತು. "ಹುಳಿ ಹೇಗಿತ್ತಮ್ಮ?"

"ಸರಿಯಾಗಿತ್ತಪ್ಪ. ನಿಮ್ಮದು ಯಾವತ್ತು ತಪ್ಪಿದೆ?" ಎಂದು ಮಗಳು ತಲೆಯೆತ್ತದೆ ಹೇಳಿ ಗಾಡಿ ಹತ್ತಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೆ ಗುರುಗಳೇ, ಅವನು ಆ ಸಹಾಯಕನನ್ನು ನಂಬಿ ಹೋಗಿ, ಹುಳಿ ನಿಜವಾಗಿಯೂ ಕೆಟ್ಟಿದ್ದರೆ?"

"ಇನ್ನೊಂದು ಹಂಡೆ ಏರಿಸಬಹುದಿತ್ತು" ಎಂದರು ಗುರುಗಳು.