ಸೊನ್ನೆಗೆ ಸೇರಿಸಿದ ಒಂದು

ಕೆರೆಗಳ ಕಪ್ಪೆಗಳನ್ನು ಲೆಕ್ಕ ಹಾಕುವ ಸಾಫ್ಟ್‌ವೇರಿನಲ್ಲಿ ನ್ಯಾಚುರಲ್ ಲಾಗರಿದಮ್ ಎಂಬಾಕೆ ಇದ್ದಳು. ಬೀಗುತ್ತ ಬಂದ ಲಕ್ಷ, ಕೋಟಿಗಳನ್ನೆಲ್ಲ ಕುಗ್ಗಿಸಿ ಗ್ರಾಫಿನಲ್ಲಿ ಕೂರಿಸುವ ಆಕೆ ಎಲ್ಲರಿಗೂ ಲಾಗಕ್ಕ.

ಒಂದು ದಿನ ಸೊನ್ನೆ ಬಂತು. "ಅಕ್ಕ, ನಮ್ಮ ಕೆರೆಯಲ್ಲಿ ಒಂದು ಕಪ್ಪೆಯೂ ಉಳಿದಿಲ್ಲ. ಬೇಗ ತಿಳಿಸಿದರೆ ಗ್ರಾಫ್ ನೋಡುವವರು ಕೆರೆಗೆ ಹರಿಯುವ ವಿಷನೀರು ನಿಲ್ಲಿಸಿ ಪಕ್ಕದ ಕೆರೆಯನ್ನಾದರೂ ಉಳಿಸುತ್ತಾರೆ."

ಸೊನ್ನೆಗೆ ಲಾಗರಿದಮ್ ಎಂಬುದೇ ಗಣಿತದಲ್ಲಿಲ್ಲ; ಲಾಗಕ್ಕ ಎಷ್ಟು ಹೆಣಗಿದರೂ ಅದು ಗ್ರಾಫಿನಲ್ಲಿ ಕೂರಲಿಲ್ಲ. ಸಾಲಿನಲ್ಲಿದ್ದ ಕೋಟಿ ಕಿಸಕ್ಕೆಂದಿತು: "ಏನಕ್ಕ, ನಮ್ಮನ್ನೇ ಬಗ್ಗಿಸಿದವಳಿಗೆ ಬರೀ ಸೊನ್ನೆ ಭಾರವಾಯಿತೇ?"

ಬರುವುದಿಲ್ಲ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಸೊನ್ನೆಗೆ ಗುಟ್ಟಾಗಿ ಒಂದನ್ನು ಸೇರಿಸಿ ಮುಂದೆ ಕಳಿಸಿದಳು.

"ಇನ್ನೂ ಒಂದು ಕಪ್ಪೆ ಬದುಕಿದೆ, ಅವಸರವೇನಿಲ್ಲ" ಎಂದು ಗ್ರಾಫ್ ನೋಡಿದವರು ಊಟಕ್ಕೆ ಎದ್ದರು.

ಮರುವಾರ ಪಕ್ಕದ ಕೆರೆಯಿಂದಲೂ ಸೊನ್ನೆಯೇ ಬಂತು. ತಲೆ ತಗ್ಗಿಸಿದ ಲಾಗಕ್ಕ, "ಇದು ನನಗೆ ಬರುವುದಿಲ್ಲ" ಎಂದು ಎಲ್ಲರ ಕಿವಿಗೂ ಬೀಳುವಂತೆ ಹೇಳಿದಳು. ಆದರೆ ಆ ಎರಡೂ ಕೆರೆಗಳಲ್ಲಿ ಉಳಿಸಲು ಕಪ್ಪೆಯೇ ಇರಲಿಲ್ಲ.