ಮೂರು ಬೀಗದ ಪಿಸ್ತೂಲು

"ಅಜ್ಜಾರ, ಪಿಸ್ತೂಲು ಸಣ್ಣ ಗುಂಡಿಂದು ಚಲೋನೋ, ದಪ್ಪ ಗುಂಡಿಂದೋ?"

ಮಠದ ಕಟ್ಟೆಯ ಮೇಲೆ ಕುಳಿತು ಸಂಗನಬಸಪ್ಪ ಹೀಗೆ ಕೇಳಿದ. ಆ ಕಟ್ಟೆಯ ಮೇಲೆ ಜನ ಮುಕ್ತಿಯ ದಾರಿ ಕೇಳಿದ್ದರು, ಹಾಲು ಕೊಡದ ಎಮ್ಮೆಗೆ ಮದ್ದನ್ನೂ ಕೇಳಿದ್ದರು. ಗುಂಡಿನ ಅಳತೆ ಕೇಳಿದವನು ಮಾತ್ರ ಇವನೇ ಮೊದಲಿಗ.

ಮಠದ ಸ್ವಾಮಿಗಳಾದ ಅಜ್ಜನವರು ನಗಲಿಲ್ಲ. "ಪಿಸ್ತೂಲು ಯಾಕಪಾ ಈಗ?" ಎಂದರು.

"ಕಳ್ಳರ ಕಾಟರಿ. ಲೈಸೆನ್ಸ್ ಬಂದದ. ಖಂಡೆ ಪೂಜಿಗೆ ಮನಿಯೊಳಗ ಇರಬೇಕು ಅಂತ ಆಸೆ. ಮತ್ತ ಸೇಫ್ಟಿ ಅಂತಿರತಾವಲ್ಲರಿ, ಒಂದಿದ್ರ ಸಾಕೋ, ಮೂರು ಇರಬೇಕೋ?"

ಖಂಡೆ ಪೂಜೆಗೆ, ಅಂದರೆ ಮನೆಯ ಆಯುಧಗಳನ್ನೆಲ್ಲ ಇಟ್ಟು ಪೂಜಿಸುವ ಮಹಾನವಮಿಗೆ, ಇನ್ನು ಎಂಟೇ ದಿನ ಇತ್ತು. ಸಂಗನಬಸಪ್ಪ ಎಣ್ಣೆ ಗಿರಣಿಯ ಮಾಲೀಕ. ಅವನ ಊರಿನಲ್ಲಿ ಹತ್ತು ವರ್ಷದಿಂದ ಒಂದು ಕೋಳಿಯೂ ಕಳುವಾಗಿರಲಿಲ್ಲ. ಆಗಿದ್ದದ್ದು ಬೇರೆ. ನಾಲ್ಕು ವರ್ಷದ ಹಿಂದೆ ಅವನಿಗೂ ತಮ್ಮ ಮುರಿಗೆಪ್ಪನಿಗೂ ಮನೆ ಪಾಲಾಗಿತ್ತು. ಪಡಸಾಲೆಯ ನಡುವೆ ಒಂಟಿ ಇಟ್ಟಿಗೆಯ ಗೋಡೆ ಎದ್ದಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಇದನ್ನು ಅವನು ಅಜ್ಜನವರಿಗೆ ಹೇಳಲಿಲ್ಲ. ಹೇಳುವ ಅಗತ್ಯವೇನಿದೆ ಎಂದುಕೊಂಡ.

ಅಜ್ಜನವರು ಕತೆ ತೆಗೆದರು.

ಒಬ್ಬ ವ್ಯಾಪಾರಿ ಇದ್ದ. ಅವನೂ ಕಳ್ಳರ ಭಯವೆಂದು ಹೇಳಿ ಪಿಸ್ತೂಲು ಕೊಳ್ಳಲು ಹೋದ. ಬಂದೂಕಿನ ಅಂಗಡಿಯ ಮುದುಕ ಎರಡು ಪಿಸ್ತೂಲು ತೆಗೆದು ಬಟ್ಟೆಯ ಮೇಲಿಟ್ಟ. ಒಂದು ಪಾಯಿಂಟ್ ಇಪ್ಪತ್ತೆರಡರ ಅಳತೆಯದು, ಗುಂಡು ಸಣ್ಣದು. ಕೈಗೆ ಒದೆತ ಕಡಿಮೆ, ಆದರೆ ತಗುಲಿದವನು ಹಾಗೆಯೇ ಮುಂದೆ ಬಂದರೂ ಬಂದಾನು. ಇನ್ನೊಂದು ಪಾಯಿಂಟ್ ಮೂವತ್ತೆರಡರದು, ಗುಂಡು ದಪ್ಪ. ಅದು ತಗುಲಿದರೆ ಮನುಷ್ಯ ನಿಲ್ಲುತ್ತಾನೆ.

ವ್ಯಾಪಾರಿ ದಪ್ಪ ಗುಂಡಿನದನ್ನೇ ಕೈಗೆತ್ತಿಕೊಂಡ. ಆಮೇಲೆ ಒಂದು ಅನುಮಾನ ಬಂತು. ಇದು ಗೋಡೆ ದಾಟುತ್ತದೆಯೇ ಎಂದು ಕೇಳಿದ. ಗೋಡೆ ಎಂಥದ್ದು ಎಂದು ಮುದುಕ ಕೇಳಿದ. ಒಂಟಿ ಇಟ್ಟಿಗೆಯದು, ಆಚೆಗೆ ತಮ್ಮನ ಸಂಸಾರವಿದೆ ಎಂದ ವ್ಯಾಪಾರಿ.

ಇಷ್ಟು ಕೇಳುತ್ತಲೇ ಸಂಗನಬಸಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಅಜ್ಜನವರಿಗೆ ಯಾರು ಸುದ್ದಿ ಮುಟ್ಟಿಸಿದರೋ ಎಂದು ಕಸಿವಿಸಿಯಾಯಿತು. ಒಂಟಿ ಇಟ್ಟಿಗೆಯ ಗೋಡೆಗಳು ಪ್ರತಿ ಊರಲ್ಲೂ ಹತ್ತಾರು ಇವೆ ಎಂದು ಸಮಾಧಾನ ಮಾಡಿಕೊಂಡ.

ಹಾಗಾದರೆ ಗೋಡೆಯ ಕಡೆಗೆ ಎಂದೂ ಹಿಡಿಯಬೇಡಿ ಎಂದ ಮುದುಕ. ಆಮೇಲೆ ಸೇಫ್ಟಿಯ ಬೀಗಗಳನ್ನು ತೋರಿಸಿದ. ಹೆಬ್ಬೆರಳಿನ ಹತ್ತಿರ ಒಂದು ಸಣ್ಣ ಚಿಲಕ, ಅದನ್ನು ಕೆಳಗೆ ತಳ್ಳದೆ ಕುದುರೆ, ಅಂದರೆ ಟ್ರಿಗರ್, ಎಳೆಯಲಾಗದು. ಹಿಡಿಕೆಯ ಬೆನ್ನಿಗೆ ಒಂದು ಪಟ್ಟಿ, ಅಂಗೈಯಿಂದ ಬಿಗಿಯಾಗಿ ಅದುಮಿ ಹಿಡಿದರೆ ಮಾತ್ರ ಅದು ಬಿಡುತ್ತದೆ. ಮೂರನೆಯದು, ಗುಂಡು ತುಂಬಿದ ಮ್ಯಾಗಜೀನು ಹೊರಗಿದ್ದರೆ ಪಿಸ್ತೂಲು ಹಾರುವುದೇ ಇಲ್ಲ.

ವ್ಯಾಪಾರಿ ಹುಬ್ಬು ಗಂಟಿಕ್ಕಿದ. "ಅಲ್ಲ ಮಾರಾಯಾ, ಈ ಮೂರೂ ತೆಗೆಯೋತನಕ ಕಳ್ಳ ನನ್ನ ಮುಂದ ನಿಂತಿರತಾನೇನು?"

"ನಿಂದ್ರೂದಿಲ್ರಿ ಸಾವಕಾರ್ರ," ಎಂದ ಮುದುಕ. "ಆದ್ರ ಅಷ್ಟು ಹೊತ್ತಿನ್ಯಾಗ ಬಂದವ ಯಾರು ಅಂತ ನೀವು ಅವನ ಮುಖಾ ನೋಡಬಹುದು."

ವ್ಯಾಪಾರಿಗೆ ಆ ಮಾತು ಹಿಡಿಸಿತೋ ಬಿಟ್ಟಿತೋ, ಮೂರು ಬೀಗದ ಪಿಸ್ತೂಲನ್ನೇ ಕೊಂಡ. ಮನೆಗೆ ತಂದು ಬೀಗ ಹಾಕಿಟ್ಟ. ಅವನ ಹೆಂಡತಿ ಅದನ್ನು ನೋಡಿ ಹೆದರಿದಳು. ಮೂರು ಬೀಗ ಇವೆ, ಚೆಂಡಿನಂತೆ ಎಸೆದರೂ ಏನೂ ಆಗದು ಎಂದು ಅವನು ಹೇಳಿದ. ಅವಳು ನಂಬಿದಳು. ಅವಳಿಗಿಂತ ಹೆಚ್ಚು ಅವನೇ ನಂಬಿದ.

ಖಂಡೆ ಪೂಜೆ ಬಂತು. ಕುಡುಗೋಲು, ತಕ್ಕಡಿ, ಕೊಡಲಿಗಳ ಜೊತೆಗೆ ಪಿಸ್ತೂಲನ್ನೂ ಪೂಜೆಗೆ ಇಟ್ಟರು. ಆಯುಧವನ್ನು ಖಾಲಿ ಇಟ್ಟು ಪೂಜೆ ಮಾಡುವುದು ಸರಿಯಲ್ಲ ಎಂದು ವ್ಯಾಪಾರಿಗೆ ಅನ್ನಿಸಿತು. ಮ್ಯಾಗಜೀನು ಸೇರಿಸಿದ, ಒಂದು ಗುಂಡನ್ನು ನಳಿಗೆಗೂ ಏರಿಸಿದ. ಹೆಂಡತಿ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ ವಿಭೂತಿ ಹಚ್ಚಿದಳು. ಒರೆಸುವಾಗ ಚಿಲಕ ಕೆಳಗೆ ಸರಿಯಿತು. ಅದು ಚಿಲಕವೆಂದು ಅವಳಿಗೆ ಗೊತ್ತಿರಲಿಲ್ಲ. ಕೊನೆಗೆ ಅರಿಸಿನ ಹಚ್ಚಿದ ದಾರವನ್ನು ಹಿಡಿಕೆಗೆ ಐದು ಸುತ್ತು ಬಿಗಿಯಾಗಿ ಸುತ್ತಿದಳು. ಬೆನ್ನಿನ ಪಟ್ಟಿ ದಾರದ ಕೆಳಗೆ ಅದುಮಿಕೊಂಡು ಕುಳಿತಿತು. ಮೂರು ಬೀಗವೂ ಭಕ್ತಿಯಿಂದಲೇ ತೆರೆದುಕೊಂಡವು. ಗಂಡಹೆಂಡತಿ ಇಬ್ಬರೂ ಕೈಮುಗಿದರು.

ಮರುದಿನ ವಿಜಯದಶಮಿ. ಇಳಿಹೊತ್ತಿಗೆ ಊರೆಲ್ಲ ಬನ್ನಿ ಮರದ ಕಡೆಗೆ ಹೋಯಿತು. ಮರದಿಂದ ತಂದ ಎಲೆಯನ್ನು ಒಬ್ಬರಿಗೊಬ್ಬರು ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹೇಳಿಕೊಳ್ಳುವ ದಿನ ಅದು. ವ್ಯಾಪಾರಿ ಹೋಗಲಿಲ್ಲ. ಅಲ್ಲಿ ಮಾತು ಬಿಟ್ಟ ತಮ್ಮ ಎದುರಾದರೆ ಎಲೆ ಕೊಡಬೇಕಾಗುತ್ತದೆ ಎಂದು ಏಳು ವರ್ಷದಿಂದ ಅವನು ಹೋಗುತ್ತಿರಲಿಲ್ಲ. ಪೂಜೆಯ ಮುಂದೆ ಒಬ್ಬನೇ ಕುಳಿತಿದ್ದ.

ಹಿತ್ತಿಲ ಬಾಗಿಲು ಸದ್ದಾಯಿತು. ತಾಯಿ ಇದ್ದಾಗ ಮನೆಯವರೆಲ್ಲ ಬಳಸುತ್ತಿದ್ದ ಬಾಗಿಲು ಅದು. ಬೆಳಕಿಗೆ ಬೆನ್ನು ಮಾಡಿ ಒಬ್ಬ ಮನುಷ್ಯ ಹೊಸ್ತಿಲ ಮೇಲೆ ನಿಂತಿದ್ದ. ಬಲಗೈ ಮುಷ್ಟಿ ಕಟ್ಟಿತ್ತು. ಅವನು ಮುಷ್ಟಿಯನ್ನು ಮುಂದೆ ಚಾಚಿದ.

ವ್ಯಾಪಾರಿ ಪಿಸ್ತೂಲು ಎತ್ತಿದ. ಬರೀ ಹೆದರಿಸಲೆಂದು ಎತ್ತಿದೆ ಎಂದು ಆಮೇಲೆ ಹೇಳಿದ. ಬೀಗ ತೆಗೆಯುವ ಕೆಲಸ ಇರಲಿಲ್ಲ. ಮುಖ ನೋಡುವಷ್ಟು ಹೊತ್ತೂ ಇರಲಿಲ್ಲ. ಇದ್ದಿದ್ದರೆ ನೋಡುತ್ತಿದ್ದನೋ ಇಲ್ಲವೋ, ಅದು ಅವನಿಗೇ ಗೊತ್ತು.

ಆರಿಸಿ ತಂದ ಗುಂಡು ಸರಿಯಾದದ್ದೇ ಆಗಿತ್ತು. ಗೋಡೆ ದಾಟಲಿಲ್ಲ. ಬಂದವನನ್ನು ನಿಲ್ಲಿಸಿತು. ಮಣ್ಣು ಮಾಡುವ ಮೊದಲು ತಮ್ಮನ ಮುಷ್ಟಿಯನ್ನು ಬಿಡಿಸಿದರು. ಒಳಗೆ ಬನ್ನಿ ಎಲೆಗಳಿದ್ದವು.

ಅಜ್ಜನವರು ಕತೆ ಮುಗಿಸಿದರು. ಸಂಗನಬಸಪ್ಪನಿಗೆ ಏನಾದರೂ ಮಾತಾಡಬೇಕು ಅನ್ನಿಸಿತು. ಕತೆಯಲ್ಲಿ ತಪ್ಪು ಹುಡುಕಿದ, ಸಿಕ್ಕಿತು.

"ಪೂಜಿಗೆ ಇಡೋವಾಗ ಗುಂಡು ತುಂಬಬಾರದಿತ್ತರಿ ಅವ," ಎಂದ. "ದಾರಾನೂ ಅಷ್ಟು ಬಿಗಿ ಸುತ್ತಬಾರದಿತ್ತು."

"ಖರೆ ಐತಿ," ಎಂದರು ಅಜ್ಜನವರು. ಕೋಲು ಊರಿ ಎದ್ದು ನಿಂತರು. ಹೊರಡುವ ಮೊದಲು ಅವನ ಕಡೆ ತಿರುಗಿದರು.

"ಗುಂಡಿನ ಅಳತಿ ಕೇಳಿದಿ, ಬೀಗ ಎಷ್ಟು ಅಂತ ಕೇಳಿದಿ, ಹೊಡಿಯೋದು ಯಾರಿಗೆ ಅಂತ ಮಾತ್ರ ಹೇಳಲಿಲ್ಲಪಾ."

ಕಳ್ಳರಿಗೆ ಎನ್ನಲು ಸಂಗನಬಸಪ್ಪ ಬಾಯಿ ತೆರೆದ. ಬಾಯಿಗೆ ಬಂದದ್ದು ಮುರಿಗೆಪ್ಪನ ಹೆಸರು.