ದಳವಾಯಿಯ ಬಲಗೈಗವಸು

ಲೋಕದ ಕೊಳೆಯನ್ನೆಲ್ಲ ತನ್ನ ಜಡೆಯ ನೀರಿನಿಂದ ತೊಳೆಯುವ ಗಂಗಾಧರನಿಗೆ ಮೊದಲು ಕೈಮುಗಿಯುತ್ತೇನೆ. ಅವನು ನುಡಿಸಿದಷ್ಟು ನುಡಿಯುತ್ತೇನೆ; ತಪ್ಪಿದ್ದರೆ ಅದು ನನ್ನದು.

ಹೊಂಬಾಳೆಪುರದ ಬೀದಿಗಳಲ್ಲಿ ಡಂಗುರ ಸಾರಿದರು. "ಕೇಳ್ರಪ್ಪೋ ಕೇಳಿ. ದಳವಾಯಿ ರಾಚನಾಯಕರು ಏಳು ವರ್ಷ ಕಾದಾಡಿ ಹನ್ನೊಂದು ಕೋಟೆ ಗೆದ್ದರು. ಅರ್ಧ ಊರು ಅವರನ್ನು ದೇವರು ಅನ್ನುತ್ತದೆ, ಅರ್ಧ ಊರು ಕಟುಕ ಅನ್ನುತ್ತದೆ. ಗಡಿಗೆ ಮತ್ತೆ ಹಗೆ ಬಂದಿದೆ. ಯುದ್ಧ ಮುಗಿದ ಮೇಲೆ ಅರಮನೆ ಕಿತ್ತುಕೊಂಡ ಖಡ್ಗವನ್ನು ಅವರಿಗೆ ಮರಳಿ ಕೊಡಬೇಕೋ ಬೇಡವೋ? ಅವರ ಯುದ್ಧದ ಮೂರು ಒಗಟು ಬಿಡಿಸಿದವರ ಮಾತಿನಂತೆ ರಾಣಿ ಹೊನ್ನಲದೇವಿಯವರು ನಡೆಯುತ್ತಾರೆ, ಬೇಡಿದ್ದನ್ನೂ ಕೊಡುತ್ತಾರೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಹೋಗುತ್ತದೆ."

ಒಗಟುಗಳು ರಾಣಿ ಹೆಣೆದವಲ್ಲ. ಕನಸಿನಲ್ಲಿ ಬಿಳಿ ಸೀರೆಯ ಮುದುಕಿಯೊಬ್ಬಳು ನೀರಿನ ಮೇಲೆ ನಡೆದು ಬಂದು, ಮೂರನ್ನೂ ಹೇಳಿ, ಒಂದು ತಾವರೆ ಮೊಗ್ಗನ್ನು ಅಂಗೈಯಲ್ಲಿಟ್ಟು ಹೋಗಿದ್ದಳು. "ನಿಜ ಕೇಳಿದರೆ ಇದು ಅರಳುತ್ತೆ, ಮಗಳೇ." ರಾಣಿ ಕಣ್ಣು ಬಿಟ್ಟಾಗ ಮೊಗ್ಗು ಕೈಯಲ್ಲೇ ಇತ್ತು, ಹನಿಯೂ ಆರಿರಲಿಲ್ಲ.

ಡಂಗುರ ಹೊಳೆದಂಡೆಗೂ ಕೇಳಿಸಿತು. ಅಲ್ಲಿ ಮಡಿವಾಳರ ಮಾಚಣ್ಣ ಬಟ್ಟೆ ಒಗೆಯುತ್ತಿದ್ದ. ಏಳು ವರ್ಷವೂ ಸೇನೆಯ ಹಿಂದೆ ನಡೆದು ಅದರ ಬಟ್ಟೆ ಒಗೆದವನು. ಅವನ ಅಣ್ಣ ಬಸಲಿಂಗ ಬಿಲ್ಲುಗಾರ. ನಾಲ್ಕನೆಯ ವರ್ಷ ವೈದ್ಯರ ಡೇರೆಯಲ್ಲಿ ನಡುಗುತ್ತ ಕೂತಿದ್ದವನ ಕೆನ್ನೆಗೆ ದಳವಾಯಿಯೇ ಹೊಡೆದು, ಹೇಡಿಗಳ ಸೆರೆಮನೆಗೆ ಅಟ್ಟಿದ್ದ. ಅಂದಿನಿಂದ ಅವನು ಹೊರಬಂದಿಲ್ಲ.

ಮಾಚಣ್ಣ ಕೈ ಒರೆಸಿಕೊಂಡು ಎದ್ದ.

"ಎಲ್ಲಿಗೋ?" ಎಂದಳು ಚಿಕ್ಕವ್ವ ಸಿದ್ಧವ್ವ. "ಬಟ್ಟೆ ಹಿಂಡೋನು ಅರಮನೆಗೆ ಹೋಗಿ ಕತ್ತು ಹಿಂಡಿಸ್ಕೊಂಡು ಬರ್ತೀಯಾ?"

"ಅಣ್ಣ ಒಳಗಿದಾನಲ್ಲ, ಚಿಕ್ಕವ್ವ."

ಅವಳು ಹರಿದಿರದ ಒಂದು ಅಂಗಿ ಹುಡುಕಿ ಕೊಟ್ಟಳು.

ಆಸ್ಥಾನದಲ್ಲಿ ಧೂಪದ ಹೊಗೆ ಮೋಡದಂತೆ ತೇಲುತ್ತಿತ್ತು. ಒಂದು ಕಂಬದ ಬಳಿ ದಳವಾಯಿ ಖಡ್ಗವಿಲ್ಲದೆ, ಕಲ್ಲಿನಂತೆ ಕೂತಿದ್ದ.

ರಾಣಿ ಮೊಗ್ಗನ್ನು ಅಂಗೈಯಲ್ಲಿ ಹಿಡಿದು ಮೊದಲ ಒಗಟು ಕೇಳಿದಳು. "ಒಂದು ದಂಡು ಇತ್ತು. ಅದು ಉಣ್ಣಲಿಲ್ಲ, ಕೊಲ್ಲಲಿಲ್ಲ, ಸಾಯಲೂ ಇಲ್ಲ. ಆದರೂ ಯುದ್ಧ ಗೆದ್ದಿತು. ಯಾವುದದು?"

ದಳವಾಯಿಯನ್ನು ಪೂಜಿಸುತ್ತಿದ್ದ ಬಿಳಿಗೆರೆಯ ಅರಸುಕುವರ ಬೀರರಸ ಎದೆಯುಬ್ಬಿಸಿ ಹೇಳಿದ, "ದಳವಾಯಿಗಳ ಶೌರ್ಯ, ತಾಯಿ. ಅವರೊಬ್ಬರೇ ಒಂದು ದಂಡು." ಮೊಗ್ಗು ಮಿಸುಕಲಿಲ್ಲ. ಭಟರು ಅವನ ತೋಳು ಹಿಡಿದರು.

ದಳವಾಯಿಯನ್ನು ಕಂಡರಾಗದ ಪಂಡಿತ ಗೋವರ್ಧನ ನಕ್ಕ. "ಅವನು ಊರೂರಿಗೆ ಇಟ್ಟ ಬೆಂಕಿ, ಮತ್ತೇನು?" ಮೊಗ್ಗು ಇನ್ನೂ ಬಿಗಿಯಾಯಿತು. ಅವನನ್ನೂ ಕರೆದೊಯ್ದರು. ಹೊಗಳಿದವನೂ ಹೋದ, ತೆಗಳಿದವನೂ ಹೋದ. ಉಳಿದವರು ಬಾಗಿಲ ಕಡೆ ಸರಿದರು.

"ನಾನು ಹೇಳ್ಲಾ, ಅವ್ವಾ?" ಎಂದು ಮಾಚಣ್ಣ ಮುಂದೆ ಬಂದ. "ಅದು ಖಾಲಿ ಡೇರೆಗಳ ದಂಡು. ಅಣ್ಣನಿಗೆ ಹೊಡೆದಿದ್ದಕ್ಕೆ ಆಗಿನ ದೊಡ್ಡ ಅರಸರು ಇವರ ದಂಡು ಕಿತ್ಕೊಂಡು, ಹೊಳೆಯ ಮೂಡಣ ಕಡವಿನಲ್ಲಿ ಬರೀ ಡೇರೆ ಕೊಟ್ರು. ಅಲ್ಲಿ ಆಳೇ ಇರ್ಲಿಲ್ಲ, ಮೂರು ವಾರ ಒಂದು ಕೊಳೆ ಬಟ್ಟೇನೂ ಬರ್ಲಿಲ್ಲ. ಆದ್ರೂ ದಿನಾ ಮುಂಜಾನೆ ಮಂಜಿನಲ್ಲಿ ಅಲ್ಲಿ ಸಾವಿರ ಅಂಗಿ ಒಣಹಾಕಿದೋನು ನಾನು. ಇವರದೇ ಅಪ್ಪಣೆ. ಆಚೆ ದಡದ ಹಗೆ ಅಂಗಿ ಎಣಿಸ್ತಾ, ಇವರ ಹೆಸರಿಗೇ ಹೆದರಿ ಅಲ್ಲೇ ಕಾದ. ಅಷ್ಟರಲ್ಲಿ ನಮ್ಮ ನಿಜವಾದ ದಂಡು ಪಡುವಣ ಕಡವು ದಾಟ್ತು. ಅವತ್ತು ನಮ್ಮೋರು ಒಬ್ಬರೂ ಸಾಯ್ಲಿಲ್ಲ. ಆ ಪುಣ್ಯ ಇವರದು."

ತಾವರೆಯ ಹೊರಗಿನ ಎಸಳುಗಳು ಮೆಲ್ಲಗೆ ಬಿಚ್ಚಿದವು.

"ಎರಡನೆಯದು. ವೈದ್ಯರ ಡೇರೆಯಲ್ಲಿ ಒಂದು ಗಾಯ. ರಕ್ತವಿಲ್ಲ, ಕಟ್ಟಲು ಪಟ್ಟಿಯಿಲ್ಲ. ದಳವಾಯಿ ನೋಡಿದ, ಆದರೆ ಕಾಣಲಿಲ್ಲ."

ಮಾಚಣ್ಣ ತಲೆ ತಗ್ಗಿಸಿ ಹೇಳಿದ, "ಅಂಜಿಕೆ, ಅವ್ವಾ. ಜೊತೆಗಾರರು ಕಣ್ಣೆದುರೇ ಸುಟ್ಟುಹೋದ್ಮೇಲೆ ಎದೆಗೆ ಆಗೋ ಗಾಯ. ಗಾಯಾಳುಗಳ ಪಟ್ಟಿ ಒಗೆದ್ರೆ ನೀರು ಕೆಂಪಾಗ್ತಿತ್ತು. ಅಣ್ಣನ ಹಾಸಿಗೆಯಲ್ಲಿ ಬೆವರು, ಉಚ್ಚೆ ಅಷ್ಟೇ. ಒಗೆದೋನು ನಾನು. ನನಗೂ ಅವತ್ತು ನಾಚಿಕೆಯಾಗಿತ್ತು."

ಇನ್ನೊಂದು ಸುತ್ತು ಎಸಳು ಬಿಚ್ಚಿತು.

"ಕೊನೆಯದು. ಯುದ್ಧದಿಂದ ದಳವಾಯಿ ಒಂದು ಭಾರ ಹೊತ್ತು ತಂದಿದ್ದಾನೆ. ಇಳಿಸಲಾರ, ಯಾರಿಗೂ ತೋರಿಸಲಾರ. ಏನದು?"

ಮಾಚಣ್ಣ ದಳವಾಯಿಯತ್ತ ನೋಡಿದ. ಮುದುಕನಾಗಿದ್ದಾನೆ ಅನಿಸಿತು. "ಆ ಏಟು," ಎಂದ. "ಪ್ರತಿ ಸೋಮವಾರ ಇವರ ಮನೆಯಿಂದ ಬಲಗೈಗವಸು ಒಂದೇ ಒಗೆಯೋಕೆ ಬರುತ್ತೆ. ಅದರಲ್ಲಿ ಕೊಳೆ ಇರೋದೇ ಇಲ್ಲ. ಯುದ್ಧ ಮುಗಿದು ಊರಿಗೆ ಬಂದಾಗಿನಿಂದ, ಮೂರು ವರ್ಷ ಒಗೀತಿದೀನಿ. ಕೊಳೆಯಿಲ್ಲದ್ದನ್ನು ಒಗೆಸೋರಿಗೆ ಏನೋ ಹೋಗ್ತಿಲ್ಲ ಅಂತ ಅರ್ಥ."

ತಾವರೆ ಪೂರ್ತಿ ಅರಳಿತು. ಅದರ ಕಂಪು ಆಸ್ಥಾನವನ್ನೆಲ್ಲ ಹೊಳೆಯ ದಂಡೆ ಮಾಡಿಬಿಟ್ಟಿತು. ಎಲ್ಲರ ಕಿವಿಗೂ ನೀರಿನ ಸದ್ದು ಬಿದ್ದಂತಾಯಿತು.

"ಈಗ ಹೇಳಪ್ಪ," ಎಂದಳು ರಾಣಿ. "ನಿನ್ನಣ್ಣನಿಗೆ ಹೊಡೆದವನಿಗೆ ಖಡ್ಗ ಕೊಡಲೋ, ಬೇಡವೋ?"

ಒಂದು ಮಾತಿನಲ್ಲಿ ಸೇಡು ತೀರುತ್ತಿತ್ತು. ಮಾಚಣ್ಣ ಕಣ್ಣುಮುಚ್ಚಿ ಶಿವನನ್ನು ನೆನೆದ. ಮುಚ್ಚಿದ ಕಣ್ಣಿಗೆ ಮಂಜಿನಲ್ಲಿ ತೂಗುವ ಸಾವಿರ ಅಂಗಿಗಳೂ ಕಂಡವು, ಅಣ್ಣನ ಕೆನ್ನೆಯೂ ಕಂಡಿತು.

"ಕೊಡಿ, ಅವ್ವಾ. ಗಡಿ ಕಾಯೋಕೆ ಇವರಷ್ಟು ಬಲ್ಲೋರಿಲ್ಲ. ಆದ್ರೆ ಮೊದಲು ಹೇಡಿಗಳ ಸೆರೆಮನೆಯ ಬಾಗಿಲನ್ನು ಇವರ ಕೈಯಿಂದಲೇ ತೆಗೆಸಿ. ನಾನು ಬೇಡೋದು ಅಷ್ಟೇ."

"ಆಗಲಿ," ಎಂದು ರಾಣಿ ಬೀರರಸನನ್ನೂ ಗೋವರ್ಧನನನ್ನೂ ಬಿಡಿಸಿದಳು. ಆ ಬಾಗಿಲಿಗೆ ಹೇಡಿಗಳೆಂಬ ಹೆಸರು ಇನ್ನಿರಕೂಡದೆಂದಳು. ಮಾಚಣ್ಣನಿಗೆ ಗಾಯಾಳುಗಳ ಡೇರೆಗಳ ಪಾರುಪತ್ಯವನ್ನೂ ಕೊಟ್ಟಳು.

ದಳವಾಯಿ ಎದ್ದು ಸೆರೆಮನೆಗೆ ನಡೆದ. ಗವಸು ಕಳಚಿ, ಬರಿಗೈಯಲ್ಲೇ ಕದ ತೆಗೆದ. ಒಳಗಿದ್ದ ಬಸಲಿಂಗ ಆ ಕೈ ಕಂಡು ಮುಖ ಮುಚ್ಚಿಕೊಂಡ. ದಳವಾಯಿ ನೆಲದ ಮೇಲೆ ಕೂತು, ಅಂಗೈ ಮೇಲೆ ಮಾಡಿ ಚಾಚಿ, ಹಾಗೇ ಕಾದ. ಹೊತ್ತು ಮೇಲೇರಿತು. ಆಮೇಲೆ ಬಸಲಿಂಗ ತಾನಾಗಿಯೇ ಬಂದು ಆ ಕೈಯ ಮೇಲೆ ತನ್ನ ಕೈಯಿಟ್ಟ. ನಡುಗುತ್ತಿದ್ದುದು ಯಾರ ಕೈ ಎಂದು ನೋಡಿದವರಿಗೆ ತಿಳಿಯಲಿಲ್ಲ.

ಮುಂದಿನ ಸೋಮವಾರ ಮಾಚಣ್ಣ ಹೊಳೆದಂಡೆಯಲ್ಲಿ ಮೂಟೆ ಬಿಚ್ಚಿದ. ಗವಸು ಬಂದಿರಲಿಲ್ಲ.

ಈ ಕತೆ ಕೇಳಿದ ನಿಮ್ಮ ಮನೆಯಲ್ಲಿ ಕಾಣದ ಗಾಯಗಳನ್ನು ಆ ಗಂಗಾಧರ ಕಾಣಲಿ. ನಿಮ್ಮ ಕೈಗಳು ಹಗುರಾಗಿರಲಿ, ತಣ್ಣಗೆ ಬಾಳಿ.